ಕೀಟನಾಶಕ ತರಿಸುವ ಕ್ರಮ

“ಹುಳುವಿನ ಔಷಧ ತೆಗೆದುಕೊಂಡು ಬಾ” ಎಂದಷ್ಟೇ ಹೇಳಿ ಆಳನ್ನು ಅಂಗಡಿಗೆ ಕಳುಹಿಸುವ ವಾಡಿಕೆಯುಂಟು. ಇದರಿಂದ ಅಂಗಡಿಯವರು ಕೊಟ್ಟ ವಿಷವೇ ಹೊಲಕ್ಕೆ ಬೀಳುವುದು. ಆದುದರಿಂದ ಜಮೀನುದಾರರು ಬೆಳೆ, ಕೀಟ, ಹೊಲದ ವಿಸ್ತೀರ್ಣ, ಔಷಧದ ಹೆಸರು, ಅಳತೆ ಈ 5 ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟು, ಹೋಗುವವನ ಬಾಯಿಂದ ಒಮ್ಮೆ ಹೇಳಿಸಿ ಕೇಳತಕ್ಕದ್ದು.

1971ರ ಕೀಟನಾಶಕ ನಿಯಮಗಳಂತೆ ಡಬ್ಬಿಯ ಮೇಲಿನ ಚೌಕದ ಕೆಳಭಾಗದ ಬಣ್ಣವು ವಿಷದ ತೀವ್ರತೆಯನ್ನು ಸೂಚಿಸುವುದು. ಕೆಂಪು ಎಲ್ಲಕ್ಕಿಂತ ಉಗ್ರವಾದುದು. ಹಳದಿ, ನೀಲಿ, ಹಸುರು ಕ್ರಮವಾಗಿ ಕಡಮೆ. ಹಸುರಾದರೂ ವಿಷವೇ ಎಂಬುದನ್ನು ಆಳುಗಳಿಗೂ ತಿಳಿಸಿರಬೇಕು. ಒಂದೇ ಕೀಟಕ್ಕೆ ಎರಡು ಔಷಧಗಳು ಶಿಫಾರಸಾಗಿದ್ದಲ್ಲಿ ಕಡಮೆ ವಿಷದ್ದನ್ನೇ, ಒಂದು ಸಿಂಪರಣೆಗೆ ಸಾಲುವಷ್ಟೇ, ರಸೀತಿಸಹಿತ ಕೊಳ್ಳುವುದು ಲೇಸು. ಅಗ್ಗವೆಂದು ತಂದು ಉಳಿಸಿದ ವಿಷವು ಮನೆಯ ಮಕ್ಕಳಿಗೂ ಊರ ಬಾವಿಗೂ ಅಪಾಯಕರವಾದುದು.