ಬಿಟ್‌ಕಾಯಿನ್ ಗಣಿಗಾರಿಕೆ: ಹಾಲು ಹಾಕದವನಿಗೆ ಬಟವಾಡೆ ಇಲ್ಲ

ಮಂಡ್ಯ: ಗಣಿಗೂ ಮಂಡ್ಯ ಜಿಲ್ಲೆಗೂ ಇರುವ ನಂಟು ಹೊಸದಲ್ಲ. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿ ನೀರಿನಿಂದ ಉತ್ಪಾದನೆಯಾದ ವಿದ್ಯುತ್ ಮೊದಲು ಹರಿದದ್ದು ಮಂಡ್ಯಕ್ಕೂ ಅಲ್ಲ, ಅರಮನೆಯ ಮೈಸೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಅದೇ ವಿದ್ಯುತ್ತಿನಿಂದ ಬೆಳಗಿದ್ದು 1905ರಲ್ಲಿ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಈಗ ಮಾತಿಗೆ ಬಂದಿರುವುದು ನೆಲವನ್ನೇ ಅಗೆಯದ, ಕೇವಲ ವಿದ್ಯುತ್ತನ್ನು ಉಂಡು ನಡೆಯುವ ಇನ್ನೊಂದು ಗಣಿಗಾರಿಕೆ. ಅದುವೇ ಬಿಟ್‌ಕಾಯಿನ್ ಗಣಿಗಾರಿಕೆ.

ಈ ಗಣಿಗಾರಿಕೆಯಲ್ಲಿ ಒಂಟಿಯಾಗಿ ಇಳಿದವನಿಗೆ ಏನೂ ದಕ್ಕುವುದಿಲ್ಲ. ಆದ್ದರಿಂದಲೇ 'ಮೈನಿಂಗ್ ಪೂಲ್' ಎಂಬ ಗಣಿಗಾರರ ಕೂಟಗಳು ಹುಟ್ಟಿಕೊಂಡಿವೆ. ಇದೇ ಹೆಸರನ್ನು ಮುಂದಿಟ್ಟುಕೊಂಡು ಜನರ ಉಳಿತಾಯವನ್ನು ನುಂಗಿದ ಯೋಜನೆಗಳೂ ದೇಶದಲ್ಲಿ ನಡೆದುಹೋಗಿವೆ. ನಿಜವಾದ ಕೂಟ ಯಾವುದು, ಅದರ ಹೆಸರಿನ ವಂಚನೆ ಯಾವುದು ಎಂದು ಗುರುತಿಸಲು ಕಂಪ್ಯೂಟರ್ ವಿದ್ಯೆ ಬೇಕಿಲ್ಲ. ಹಾಲಿನ ಡೇರಿಯ ಲೆಕ್ಕ ಬಲ್ಲವರಿಗೆ ಇದು ಸುಲಭವಾಗಿಯೇ ಅರ್ಥವಾಗುತ್ತದೆ.

ಏನಿದು ಗಣಿಗಾರಿಕೆ?

ಬಿಟ್‌ಕಾಯಿನ್ ವ್ಯವಹಾರಗಳನ್ನೆಲ್ಲ ದಾಖಲಿಸುವ ಒಂದು ಸಾರ್ವಜನಿಕ ಖಾತೆ ಪುಸ್ತಕವಿದೆ. ಸರಾಸರಿ 10 ನಿಮಿಷಕ್ಕೊಮ್ಮೆ ಅದಕ್ಕೆ 'ಬ್ಲಾಕ್' ಎಂಬ ಹೊಸ ಪುಟ ಸೇರುತ್ತದೆ. ಪುಟ ಸೇರಿಸುವ ಹಕ್ಕಿಗಾಗಿ ಜಗತ್ತಿನಾದ್ಯಂತ ಯಂತ್ರಗಳು ಸಂಖ್ಯೆಯೊಂದನ್ನು ಊಹಿಸುತ್ತಲೇ ಇರುತ್ತವೆ. ಇದು ಜಾಣ್ಮೆಯ ಲೆಕ್ಕವಲ್ಲ, ಶುದ್ಧ ಲಾಟರಿ. ಒಂದೊಂದು ಊಹೆಯೂ ಒಂದೊಂದು ಚೀಟಿ. ಗೆದ್ದವರಿಗೆ ಹೊಸ ಬಿಟ್‌ಕಾಯಿನ್‌ಗಳ ಜೊತೆಗೆ ಆ ಪುಟದಲ್ಲಿನ ವ್ಯವಹಾರಗಳ ಶುಲ್ಕವೂ ಸಿಗುತ್ತದೆ. 2009ರಲ್ಲಿ ಒಂದು ಬ್ಲಾಕಿಗೆ 50 ಇದ್ದ ಬಹುಮಾನ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ ಬಂದು, 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು.

ಯಂತ್ರಗಳು ಹೆಚ್ಚಿದರೆ ಬಹುಮಾನ ಹೆಚ್ಚುವುದಿಲ್ಲ. ಸುಮಾರು ಎರಡು ವಾರಕ್ಕೊಮ್ಮೆ ಲಾಟರಿಯ ಕಷ್ಟವೇ ತಾನಾಗಿ ಏರಿಳಿದು, ಬ್ಲಾಕುಗಳ ನಡುವಿನ ಅಂತರ ಮತ್ತೆ 10 ನಿಮಿಷಕ್ಕೆ ಬಂದು ನಿಲ್ಲುತ್ತದೆ. ಸೆಕೆಂಡಿಗೆ 100 ಟೆರಾಹ್ಯಾಷ್, ಅಂದರೆ ನೂರು ಲಕ್ಷ ಕೋಟಿ ಊಹೆ ಮಾಡುವ ಒಂದು ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 2025ರಲ್ಲಿ ಇಡೀ ಜಾಲದ ಬಲ ಇಂತಹ ಒಂದು ಕೋಟಿ ಯಂತ್ರಗಳಿಗೆ ಸಮನಾದ ಮಟ್ಟವನ್ನು ದಾಟಿತು. ಆ ಲೆಕ್ಕದಲ್ಲಿ ಒಂದೇ ಯಂತ್ರ ಇಟ್ಟುಕೊಂಡವನಿಗೆ ಬ್ಲಾಕ್ ಒಲಿಯುವುದು ಸರಾಸರಿ 190 ವರ್ಷಕ್ಕೊಮ್ಮೆ. ನಾಳೆಯೇ ಒಲಿದರೂ ಒಲಿಯಬಹುದು, ಮೊಮ್ಮಕ್ಕಳ ಕಾಲಕ್ಕೂ ಒಲಿಯದಿರಬಹುದು. ಆದರೆ ವಿದ್ಯುತ್ ಬಿಲ್ಲು ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ.

ಗೆಜ್ಜಲಗೆರೆಯ ಪಾಠ

ಈ ಅನಿಶ್ಚಿತತೆಗೆ ಕಂಡುಕೊಂಡ ಪರಿಹಾರವೇ ಕೂಟ. ಜೆಕ್ ದೇಶದ ಮಾರೆಕ್ ಪಲಾಟಿನಸ್ 2010ರಲ್ಲಿ ಆರಂಭಿಸಿದ ಕೂಟ ಈ ಬಗೆಯ ಮೊದಲನೆಯದು. 'ಸ್ಲಷ್ ಪೂಲ್' ಎಂದು ಹೆಸರಾಗಿದ್ದ ಅದಕ್ಕೆ 2022ರಲ್ಲಿ 'ಬ್ರೇನ್ಸ್ ಪೂಲ್' ಎಂಬ ಹೊಸ ಹೆಸರು ಬಂತು. ಸದಸ್ಯರೆಲ್ಲರ ಯಂತ್ರಗಳೂ ಒಂದಾಗಿ ಊಹಿಸುತ್ತವೆ, ಯಾರ ಯಂತ್ರ ಗೆದ್ದರೂ ಬಹುಮಾನ ಎಲ್ಲರಿಗೂ ಹಂಚಿಕೆಯಾಗುತ್ತದೆ.

ಆದರೆ ಯಾರು ಎಷ್ಟು ದುಡಿದರೆಂದು ತಿಳಿಯುವುದು ಹೇಗೆ? ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟಕ್ಕೆ ಹಾಲು ಕಳುಹಿಸುವ ಹಳ್ಳಿಯ ಡೇರಿಯಲ್ಲಿ ಯಾರೂ ರೈತನ ಬಾಯಿಮಾತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಲಿನ ಅಳತೆ ತೆಗೆದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ಬರೆದುಕೊಳ್ಳುತ್ತಾರೆ. ಬಟವಾಡೆ ಆಗುವುದು ಆ ಬರಹದ ಮೇಲೆ. ಗಣಿಗಾರರ ಕೂಟದ ಫ್ಯಾಟ್ ಪರೀಕ್ಷೆಯ ಹೆಸರು 'ಷೇರ್'.

ಬ್ಲಾಕ್ ಗೆಲ್ಲಬೇಕಾದರೆ ಉತ್ತರದ ಮೊದಲಿಗೆ ಬಹಳಷ್ಟು ಸೊನ್ನೆಗಳು ಬರಬೇಕು. ಕಡಿಮೆ ಸೊನ್ನೆಗಳಿರುವ, ಗೆಲುವಿಗೆ ಹತ್ತಿರ ಬಂದ ಉತ್ತರಗಳನ್ನೂ ತನಗೆ ಕಳುಹಿಸಬೇಕೆಂದು ಕೂಟ ಸದಸ್ಯರಿಗೆ ಹೇಳಿರುತ್ತದೆ. ಇವುಗಳಿಂದ ಕೂಟಕ್ಕೆ ನೇರ ಲಾಭವಿಲ್ಲ. ಆದರೆ ಕೋಟಿಗಟ್ಟಲೆ ಊಹೆ ಮಾಡದೆ ಇವು ಸಿಗುವುದಿಲ್ಲವಾದ್ದರಿಂದ ದುಡಿಮೆಗೆ ಇವೇ ಸಾಕ್ಷಿ. ಷೇರ್ ನಕಲಿಯೋ ಅಸಲಿಯೋ ಎಂಬುದನ್ನು ಕೂಟದ ಸರ್ವರ್ ಕ್ಷಣದಲ್ಲಿ ಪರೀಕ್ಷಿಸುತ್ತದೆ. ಗೆದ್ದ ಉತ್ತರವನ್ನು ಸದಸ್ಯ ತನ್ನ ಹೆಸರಿಗೆ ಮಾಡಿಕೊಳ್ಳಲೂ ಆಗದು. ಬಹುಮಾನ ಸೇರಬೇಕಾದ ಕೂಟದ ವಿಳಾಸ ಆ ಕೆಲಸದೊಳಗೇ ಹೆಣೆದುಕೊಂಡಿರುತ್ತದೆ, ಅದನ್ನು ಬದಲಿಸಿದರೆ ಉತ್ತರವೇ ಸುಳ್ಳಾಗುತ್ತದೆ.

ನಷ್ಟ ಯಾರ ತಲೆಗೆ?

ಬಟವಾಡೆಯಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳಿವೆ. ಮೊದಲನೆಯದರಲ್ಲಿ ಪ್ರತಿ ಷೇರಿಗೂ ನಿಗದಿತ ದರ. ಕೂಟಕ್ಕೆ ಬ್ಲಾಕ್ ಸಿಕ್ಕರೂ ಸಿಗದಿದ್ದರೂ ಸದಸ್ಯನ ಹಣ ಖಚಿತ. ಇದು ಪಿಪಿಎಸ್. ಎರಡನೆಯದರಲ್ಲಿ ಬ್ಲಾಕ್ ಸಿಕ್ಕಾಗ ಮಾತ್ರ, ಅದಕ್ಕೆ ಮುಂಚಿನ ನಿರ್ದಿಷ್ಟ ಪ್ರಮಾಣದ ಷೇರುಗಳಿಗೆ ಹಣ ಹಂಚಿಕೆಯಾಗುತ್ತದೆ. ಇದು ಪಿಪಿಎಲ್‌ಎನ್‌ಎಸ್. ಮೊದಲನೆಯದರಲ್ಲಿ ದುರದೃಷ್ಟದ ಭಾರ ಕೂಟ ನಡೆಸುವವನದು, ಹಾಗಾಗಿ ಆತ ಕಡಿತ ಮಾಡಿಕೊಳ್ಳುವ ಶುಲ್ಕ ಹೆಚ್ಚು. ಎರಡನೆಯದರಲ್ಲಿ ಭಾರ ಸದಸ್ಯರದು, ಶುಲ್ಕ ಕಡಿಮೆ. ಸಾಮಾನ್ಯವಾಗಿ ಶುಲ್ಕ ಶೇ 1ರಿಂದ 4ರ ಒಳಗಿರುತ್ತದೆ.

ಕಬ್ಬು ಬೆಳೆಗಾರರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಿಲ್ಲ. ಸಕ್ಕರೆ ಮಾರಾಟವಾಗಲಿ ಬಿಡಲಿ, ಕಬ್ಬು ಸರಬರಾಜಾದ 14 ದಿನಗಳಲ್ಲಿ ಹಣ ಕೊಡಬೇಕೆಂಬ ನಿಯಮವಿದ್ದರೂ ಕಾರ್ಖಾನೆಯ ಕೈ ಬರಿದಾದಾಗ ಬಾಕಿ ಬೆಳೆಯುತ್ತಲೇ ಹೋಗುವುದನ್ನು ಮಂಡ್ಯದ ರೈತರು ಮೈಷುಗರ್ ಕಾಲದಿಂದ ಕಂಡವರು. ನಿಗದಿತ ದರದ ಭರವಸೆ ಕೊಡುವ ಕೂಟಕ್ಕೆ ಆಪತ್ಕಾಲದ ದಾಸ್ತಾನು ಇರಲೇಬೇಕು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾದಾಗ ಅದರ ಮುಖ್ಯ ಉದ್ದೇಶಗಳಲ್ಲಿ ಒಂದು, ಬೇಸಿಗೆಯಲ್ಲೂ ಶಿವನಸಮುದ್ರದ ವಿದ್ಯುತ್ತಿಗೆ ನೀರು ತಪ್ಪದಂತೆ ನೋಡಿಕೊಳ್ಳುವುದು. ಕಟ್ಟೆ ಮಳೆ ತರಿಸುವುದಿಲ್ಲ, ಬಂದ ಮಳೆಯನ್ನು ವರ್ಷಪೂರ್ತಿ ಹಂಚುತ್ತದೆ. ಕೂಟದ ಕೆಲಸವೂ ಅಷ್ಟೇ. ಅದು ಆದಾಯವನ್ನು ಹೆಚ್ಚಿಸುವುದಿಲ್ಲ, ಸಮಮಾಡುತ್ತದೆ.

ಕೂಟದಲ್ಲಿ ಉಳಿದ ಬಾಕಿ ಸದಸ್ಯನ ಕೈಯಲ್ಲಿರುವ ಹಣವಲ್ಲ, ಕೂಟ ಅವನಿಗೆ ತೀರಿಸಬೇಕಾದ ಸಾಲ. ದೊಡ್ಡ ಕೂಟಗಳಲ್ಲಿ ಒಂದಾಗಿದ್ದ 'ಪೂಲಿನ್' 2022ರ ಸೆಪ್ಟೆಂಬರ್‌ನಲ್ಲಿ ನಗದಿನ ಕೊರತೆಯೆಂದು ತನ್ನ ವಾಲೆಟ್‌ನಿಂದ ಹಣ ತೆಗೆಯುವುದನ್ನೇ ತಡೆಹಿಡಿದಾಗ ಸದಸ್ಯರಿಗೆ ಈ ಸತ್ಯ ಮನವರಿಕೆಯಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಪ್ಯಾಕ್ಸೋಸ್ ಎಂಬ ಸಂಸ್ಥೆ ತಪ್ಪಿನಿಂದ ಒಂದೇ ವ್ಯವಹಾರಕ್ಕೆ ಸುಮಾರು 19.8 ಬಿಟ್‌ಕಾಯಿನ್ ಶುಲ್ಕ ತೆತ್ತಿತು. ಆ ಬ್ಲಾಕ್ ಗೆದ್ದಿದ್ದ 'ಎಫ್‌2ಪೂಲ್' ಹಣವನ್ನು ಸದಸ್ಯರಿಗೆ ಹಂಚದೆ ಸಂಸ್ಥೆಗೆ ಹಿಂದಿರುಗಿಸಿತು. ಧರ್ಮವೇನೋ ಹೌದು, ಆದರೆ ತೀರ್ಮಾನದ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನೂ ಈ ಘಟನೆ ತೋರಿಸಿತು.

ಸದಸ್ಯರ ದೂರು, ಕೂಟದ ಉತ್ತರ

ಕೂಟ ನಡೆಸುವುದೆಂದರೆ ಸರ್ವರ್ ಕಾಯುವುದಷ್ಟೇ ಅಲ್ಲ, ಹಗಲಿರುಳು ಸದಸ್ಯರ ದೂರುಗಳಿಗೆ ಉತ್ತರಿಸುವುದು. ಬಹುತೇಕ ದೂರುಗಳು ಅಳತೆಗೆ ಸಂಬಂಧಿಸಿದವು. 'ಯಂತ್ರ 100 ಟೆರಾಹ್ಯಾಷ್ ತೋರಿಸುತ್ತಿದೆ, ಕೂಟದ ಪುಟದಲ್ಲಿ 88 ಇದೆ' ಎಂಬುದು ಸಾಮಾನ್ಯ ಆಕ್ಷೇಪ. ಕೂಟ ಯಂತ್ರದೊಳಗೆ ಇಣುಕಿ ನೋಡುವುದಿಲ್ಲ, ಬಂದ ಷೇರುಗಳಿಂದ ಅಂದಾಜು ಮಾಡುತ್ತದೆ. ಆದ್ದರಿಂದ ಗಂಟೆಗಂಟೆಗೂ ಅಂಕಿ ಏರಿಳಿಯುವುದು ಸಹಜ. ನೋಡಬೇಕಾದದ್ದು 24 ಗಂಟೆಯ ಸರಾಸರಿ.

ತಿರಸ್ಕೃತ ಷೇರುಗಳದು ಇನ್ನೊಂದು ದೂರು. ಜಗತ್ತಿನಲ್ಲಿ ಎಲ್ಲಿಯೋ ಹೊಸ ಬ್ಲಾಕ್ ಸಿಕ್ಕಿದೊಡನೆ ಹಳೆಯ ಕೆಲಸ ರದ್ದಾಗುತ್ತದೆ. ಆ ಸುದ್ದಿ ತಡವಾಗಿ ತಲುಪಿದ ಯಂತ್ರದ ದುಡಿಮೆ, ಡೇರಿ ಮುಚ್ಚಿದ ಮೇಲೆ ಕ್ಯಾನು ಹೊತ್ತು ಬಂದಂತೆ. ದೂರದ ಖಂಡದ ಸರ್ವರ್ ಬಿಟ್ಟು ಏಷ್ಯಾದ ಸರ್ವರ್‌ಗೆ ಸಂಪರ್ಕಿಸಿದರೆ ನಷ್ಟ ಕಡಿಮೆಯಾಗುತ್ತದೆ. ಕೂಟದ ಸರ್ವರ್ ಕೈಕೊಟ್ಟಾಗ ಯಂತ್ರ ಸುಮ್ಮನೆ ಕೂರದಂತೆ ಎರಡನೆಯ ವಿಳಾಸವನ್ನೂ ಬರೆದಿಡಬೇಕೆಂಬುದು ಅನುಭವಿಗಳ ಸಲಹೆ. ವೋಲ್ಟೇಜ್ ಏರಿಳಿತ, ಧೂಳು, ಬೇಸಿಗೆಯ ಸೆಖೆ ಇವು ಕೂಟದ ಕೈಮೀರಿದವು. ಹಣ ಸೇರಬೇಕಾದ ವಿಳಾಸದಲ್ಲಿ ತಪ್ಪಾದರೆ ಯಾವ ಸಹಾಯವಾಣಿಯೂ ಅದನ್ನು ಹಿಂದಕ್ಕೆ ತರಲಾರದು. ಸದಸ್ಯನ ವಾಲೆಟ್‌ನ ಗುಪ್ತಪದಗಳನ್ನು ಕೇಳುವ 'ಸಹಾಯಕ' ಕೂಟದವನಲ್ಲ, ಕಳ್ಳ.

ಸದಸ್ಯನಿಗಿರುವ ದೊಡ್ಡ ಬಲವೆಂದರೆ ಬಿಟ್ಟುಹೋಗುವ ಸ್ವಾತಂತ್ರ್ಯ. ಹಳ್ಳಿಯ ರೈತನಿಗೆ ಡೇರಿ ಬದಲಿಸುವುದು ಸುಲಭವಲ್ಲ. ಗಣಿಗಾರನಿಗೆ ಯಂತ್ರದಲ್ಲಿ ಒಂದು ಸಾಲು ತಿದ್ದಿದರೆ ಸಾಕು. 2014ರಲ್ಲಿ 'ಜಿಹ್ಯಾಷ್' ಕೂಟ ಜಾಲದ ಅರ್ಧದಷ್ಟು ಬಲವನ್ನು ಮುಟ್ಟಿ, ಖಾತೆ ಪುಸ್ತಕವನ್ನೇ ತಿರುಚಬಲ್ಲ ಸ್ಥಿತಿ ಬಂದೀತೆಂಬ ಆತಂಕ ಹಬ್ಬಿದಾಗ ಅನೇಕ ಸದಸ್ಯರು ತಾವಾಗಿಯೇ ಹೊರನಡೆದರು.

ನೀರು ಬೆರೆಸುವವರು

ಸದಸ್ಯರೆಲ್ಲರೂ ಸಾಚಾ ಅಲ್ಲ. ಮಂಡ್ಯ ಹಾಲು ಒಕ್ಕೂಟದಲ್ಲಿ 2021ರಲ್ಲಿ ಟ್ಯಾಂಕರ್‌ಗಳೊಳಗೆ ಗುಪ್ತ ವಿಭಾಗ ಮಾಡಿ ಹಾಲಿನೊಂದಿಗೆ ನೀರು ಸಾಗಿಸುತ್ತಿದ್ದ ಹಗರಣ ಬಯಲಾಗಿದ್ದನ್ನು ಜಿಲ್ಲೆ ಮರೆತಿಲ್ಲ. ಕೂಟದಲ್ಲಿಯೂ ಇಂತಹದೇ ಮೋಸವಿದೆ: ಸಾಮಾನ್ಯ ಷೇರುಗಳನ್ನು ಕಳುಹಿಸಿ ಹಣ ಪಡೆಯುತ್ತಲೇ, ಬ್ಲಾಕ್ ಗೆಲ್ಲುವ ಉತ್ತರ ಬಂದಾಗ ಅದನ್ನು ಮಾತ್ರ ಮುಚ್ಚಿಡುವುದು. 2014ರಲ್ಲಿ 'ಎಲಿಜಿಯಸ್' ಕೂಟ ಇದರಿಂದ ಸುಮಾರು 300 ಬಿಟ್‌ಕಾಯಿನ್ ಕಳೆದುಕೊಂಡಿತು. ಒಬ್ಬ ಸದಸ್ಯನ ದುಡಿಮೆಗೂ ಅವನಿಂದ ಬಂದ ಬ್ಲಾಕುಗಳಿಗೂ ದೀರ್ಘಕಾಲ ತಾಳೆಯಾಗದಿದ್ದರೆ ಮಾತ್ರ ಸಂಶಯ ಮೂಡುತ್ತದೆ.

ಹಾಲೇ ಇಲ್ಲದ ಡೇರಿ

ಇವೆಲ್ಲವೂ ನಿಜವಾದ ಕೂಟದ ಒಳಗಿನ ತೊಡಕುಗಳು. ಅದಕ್ಕಿಂತ ದೊಡ್ಡ ಅಪಾಯ ಹೊರಗಿದೆ. ಅಮಿತ್ ಭಾರದ್ವಾಜ್ ನಡೆಸಿದ 'ಗೇನ್‌ಬಿಟ್‌ಕಾಯಿನ್' ಯೋಜನೆಗೆ 'ಜಿಬಿಮೈನರ್ಸ್' ಎಂಬ ಕೂಟವೂ ಜೊತೆಗಿತ್ತು. ಬಿಟ್‌ಕಾಯಿನ್ ತೊಡಗಿಸಿದವರಿಗೆ ಗಣಿಗಾರಿಕೆಯ ಲಾಭದಿಂದ ತಿಂಗಳಿಗೆ ಶೇ 10ರಂತೆ 18 ತಿಂಗಳು ಕೊಡುವುದಾಗಿ ಭರವಸೆ ನೀಡಲಾಗಿತ್ತು. ಹೊಸಬರ ಹಣ ಕುಗ್ಗಿದೊಡನೆ ಬಟವಾಡೆಯೂ ನಿಂತಿತು; ಬಳಿಕ ಬಿಟ್‌ಕಾಯಿನ್ ಬದಲು ಬೆಲೆಯಿಲ್ಲದ ಸ್ವಂತ ನಾಣ್ಯವನ್ನು ಕೈಗಿಡಲಾಯಿತು ಎಂಬುದು ತನಿಖಾ ಸಂಸ್ಥೆಗಳ ಆರೋಪ. 2018ರಲ್ಲಿ ಬಂಧಿತರಾದ ಭಾರದ್ವಾಜ್ 2022ರಲ್ಲಿ ಮೃತಪಟ್ಟರು. ಪ್ರಕರಣ ಸಿಬಿಐಗೆ ಹೋದ ನಂತರ 2025ರ ಫೆಬ್ರವರಿಯಲ್ಲಿ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಶೋಧ ನಡೆಯಿತು.

ಕೂಟವೆಂಬುದು ಅಲ್ಲಿ ಹೆಸರಿಗಷ್ಟೇ ಇರಲಿಲ್ಲ, ಜಿಬಿಮೈನರ್ಸ್ ಬ್ಲಾಕುಗಳನ್ನು ಗೆದ್ದದ್ದೂ ಉಂಟು. ಮೋಸ ಇದ್ದದ್ದು ಭರವಸೆಯಲ್ಲಿ. ನಿಜವಾದ ಕೂಟ ಸದಸ್ಯನಿಂದ ಹಣ ಕೇಳುವುದಿಲ್ಲ, ಕೆಲಸ ಕೇಳುತ್ತದೆ. ತನ್ನ ಶುಲ್ಕವನ್ನು ಗಳಿಕೆಯಲ್ಲಿ ಕಡಿದುಕೊಳ್ಳುತ್ತದೆ. ಹಸುವನ್ನೇ ಕಟ್ಟದವನಿಂದ ಲಕ್ಷ ರೂಪಾಯಿ ಪಡೆದು, ತಿಂಗಳು ತಿಂಗಳು ಹಾಲಿನ ಬಟವಾಡೆ ಕೊಡುತ್ತೇನೆನ್ನುವ ಡೇರಿಯನ್ನು ಯಾವ ರೈತನೂ ನಂಬುವುದಿಲ್ಲ. ಬಿಟ್‌ಕಾಯಿನ್ ಹೆಸರಿನಲ್ಲಿ ಅದೇ ಮಾತು ಬಂದಾಗ ಓದಿದವರೇ ನಂಬಿದರು ಎಂಬುದು ವಿಪರ್ಯಾಸ.

ಮನೆಯಲ್ಲಿ ಯಂತ್ರ ಇಟ್ಟರೆ?

ಹಾಗಿದ್ದರೆ ಸ್ವಂತ ಯಂತ್ರವನ್ನೇ ಇಟ್ಟು ದುಡಿದರೆ ಲಾಭವಿದೆಯೇ? 100 ಟೆರಾಹ್ಯಾಷ್ ಸಾಮರ್ಥ್ಯದ ಸಾಮಾನ್ಯ ಯಂತ್ರ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ದಿನಕ್ಕೆ 72 ಯೂನಿಟ್, ತಿಂಗಳಿಗೆ 2,160. ಗೃಹಜ್ಯೋತಿಯ 200 ಯೂನಿಟ್ ಮಿತಿ ಮೂರನೆಯ ದಿನ ಮುಗಿಯುವ ಮೊದಲೇ ದಾಟಿರುತ್ತದೆ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೂ ಬಿಲ್ಲು 12,960 ರೂಪಾಯಿ. ಜಾಲದ ಬಲದಲ್ಲಿ ಕೋಟಿಗೆ ಒಂದು ಪಾಲಿನಂತೆ ತಿಂಗಳ ಗಳಿಕೆ 0.00135 ಬಿಟ್‌ಕಾಯಿನ್. ಬಿಟ್‌ಕಾಯಿನ್‌ಗೆ 80 ಲಕ್ಷ ರೂಪಾಯಿ ಎಂದು ಹಿಡಿದರೆ ಅದು 10,800 ರೂಪಾಯಿ. ಯಂತ್ರದ ಬೆಲೆ, ಕೂಟದ ಶುಲ್ಕ, ರಿಪೇರಿ ಇದರಲ್ಲಿ ಸೇರಿಲ್ಲ.

ತೆರಿಗೆಯ ಹೊರೆ ಬೇರೆ. ಕ್ರಿಪ್ಟೊ ಆಸ್ತಿ ಮಾರಿ ಬಂದ ಲಾಭದ ಮೇಲೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ ಜಾರಿಯಾಗಿದೆ. ಗಣಿಗಾರಿಕೆಯ ಸಲಕರಣೆ ಹಾಗೂ ಮೂಲಸೌಕರ್ಯದ ವೆಚ್ಚವನ್ನು ಖರೀದಿ ವೆಚ್ಚವೆಂದು ಕಳೆಯಲಾಗದು ಎಂದು ಕೇಂದ್ರ ಸರ್ಕಾರ ಅದೇ ವರ್ಷ ಸಂಸತ್ತಿಗೆ ತಿಳಿಸಿತು. ಇನ್ನು ಪಂಪ್‌ಸೆಟ್‌ನ ಉಚಿತ ವಿದ್ಯುತ್ತಿಗೆ ಯಂತ್ರ ತಗುಲಿಸುವ ಯೋಚನೆ ಯಾರಿಗಾದರೂ ಬಂದರೆ, ಮಂಜೂರಾದ ಉದ್ದೇಶ ಬಿಟ್ಟು ಬಳಸಿದ ವಿದ್ಯುತ್ತಿಗೆ ದುಪ್ಪಟ್ಟು ದರ ವಿಧಿಸಲು 2003ರ ವಿದ್ಯುತ್ ಕಾಯ್ದೆಯಲ್ಲಿ ಅವಕಾಶವಿದೆ ಎಂಬುದು ನೆನಪಿರಬೇಕು.

ಹಣ ತೊಡಗಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರೇ. ಯಂತ್ರ ಯಾರದು, ಎಲ್ಲಿದೆ? ಅದರ ಅಳತೆಯನ್ನು ತಾನೇ ನೋಡಿ ಕೂಟದ ಲೆಕ್ಕದೊಂದಿಗೆ ತಾಳೆ ಹಾಕಬಹುದೇ? ಬೇಡವೆನಿಸಿದ ದಿನ ಯಾರ ಅಪ್ಪಣೆಯೂ ಇಲ್ಲದೆ ಹೊರಬರಬಹುದೇ? ಮೂರಕ್ಕೂ ಸ್ಪಷ್ಟ ಉತ್ತರವಿಲ್ಲದಿದ್ದರೆ ಹಣ ಕೊಡುವವನು ಗಣಿಗಾರನಲ್ಲ, ಭದ್ರತೆಯಿಲ್ಲದ ಸಾಲ ಕೊಟ್ಟವನು. ಈಗಾಗಲೇ ಮೋಸ ಹೋದವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬಹುದು, ಇಲ್ಲವೇ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ದೂರು ನೀಡಬಹುದು.