ಹಳೆಯ ಮನೆಬಂಡಿಗೆ ವಿದ್ಯುತ್ತಿನ ಬಲ

ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿರುವ ಹೊಸಹೊಳಲು ಮೈಸೂರಿನಿಂದ ಸುಮಾರು 60 ಕಿಲೋಮೀಟರು ದೂರದಲ್ಲಿದೆ. ಶ್ರೀರಂಗಪಟ್ಟಣ, ಪಾಂಡವಪುರಗಳನ್ನು ದಾಟಿ ಕೃಷ್ಣರಾಜಪೇಟೆಯ ಬಳಿಗೆ ಬಂದರೆ ಊರು ಸಿಕ್ಕುತ್ತದೆ. ಮೈಸೂರಿನ ಕುಟುಂಬವೊಂದು ಅಲ್ಲಿಗೆ ಹೋಗಿ, ಒಂದು ರಾತ್ರಿ ತಂಗಿ, ಮರಳಿ ಬರಬೇಕೆಂದಿದೆ ಎಂದು ಭಾವಿಸೋಣ. ಅವರ ಬಳಿ ಮಲಗುವ ಹಲಗೆ, ಒಲೆ, ನೀರಿನ ತೊಟ್ಟಿಗಳುಳ್ಳ 4 ಟನ್ ತೂಕದ ಹಳೆಯ ಡೀಸೆಲ್ ವಾಹನವಿದೆ. ಇಂಥದನ್ನು ಕ್ಯಾರವಾನ್ ಎನ್ನುವುದುಂಟು. ನಾವು ಮನೆಬಂಡಿ ಎನ್ನೋಣ. ಬಂಡಿಯ ಮೈ ಗಟ್ಟಿಯಾಗಿದೆ; ಎಂಜಿನು ಮಾತ್ರ ಸವೆದು ಹೊಗೆ ಕಾರುತ್ತಿದೆ. ಅದನ್ನು ಗುಜರಿಗೆ ಹಾಕಬೇಕೆ, ಅಥವಾ ಎಂಜಿನ್ನನ್ನು ತೆಗೆದು ವಿದ್ಯುತ್ ಮೋಟಾರನ್ನು ಕೂರಿಸಬಹುದೆ?

ಕೂರಿಸಬಹುದೆಂಬುದಕ್ಕೆ ಜರ್ಮನಿಯಲ್ಲಿ ಒಂದು ನಿದರ್ಶನವುಂಟು. ಫೋಕ್ಸ್‌ವಾಗನ್ ಸಂಸ್ಥೆಯು 1966ರಲ್ಲಿ ತಯಾರಾದ ತನ್ನ ಸಣ್ಣ ಬಸ್ಸೊಂದನ್ನು 2020ರಲ್ಲಿ ವಿದ್ಯುತ್ ವಾಹನವಾಗಿ ಮಾರ್ಪಡಿಸಿ ತೋರಿಸಿತು. ಮೊದಲಿದ್ದ 32 ಕಿಲೋವ್ಯಾಟಿನ ಪೆಟ್ರೋಲ್ ಎಂಜಿನ್ನಿನ ಬದಲು 61 ಕಿಲೋವ್ಯಾಟಿನ ಮೋಟಾರು ಬಂದಿತು. 45 ಕಿಲೋವ್ಯಾಟ್-ಗಂಟೆಯ ಬ್ಯಾಟರಿಯಿಂದ ಅದು 200 ಕಿಲೋಮೀಟರಿಗಿಂತ ಹೆಚ್ಚು ಓಡಬಲ್ಲುದು. ಒಂದು ಕಿಲೋವ್ಯಾಟ್-ಗಂಟೆಯೆಂದರೆ ನಮ್ಮ ಮನೆಯ ಮೀಟರು ಎಣಿಸುವ ಒಂದು ಯೂನಿಟ್. ಆದರೆ ಆ ಬಸ್ಸು ಹಗುರ; ನಮ್ಮ ಮನೆಬಂಡಿ ಭಾರ. ಆದುದರಿಂದ ನಮ್ಮ ಲೆಕ್ಕವನ್ನು ನಾವೇ ಮಾಡಬೇಕು.

ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಮತಟ್ಟಾದ ರಸ್ತೆಯ ಮೇಲೆ ಹೋಗುವಾಗ ಬಂಡಿಯನ್ನು ತಡೆಯುವ ಬಲಗಳು ಎರಡು. ಉರುಳುವ ಚಕ್ರಗಳ ತಡೆ ಸುಮಾರು 470 ನ್ಯೂಟನ್; ಚಪ್ಪಟೆ ಮುಖಕ್ಕೆ ಬಡಿಯುವ ಗಾಳಿಯ ತಡೆ ಸುಮಾರು 550 ನ್ಯೂಟನ್. ಇವೆರಡನ್ನೂ ಗೆಲ್ಲಲು ಚಕ್ರಗಳಿಗೆ ಕಿಲೋಮೀಟರಿಗೆ 0.28 ಯೂನಿಟ್ ಬೇಕು. ಮೋಟಾರಿನ ನಷ್ಟವನ್ನೂ ಊರೊಳಗಿನ ನಿಲುಗಡೆಗಳನ್ನೂ ಸೇರಿಸಿದರೆ ಬ್ಯಾಟರಿಯಿಂದ ಸುಮಾರು 0.4 ಯೂನಿಟ್ ವೆಚ್ಚವಾಗುತ್ತದೆ. ಹೋಗಿಬರುವ 120 ಕಿಲೋಮೀಟರಿಗೆ 48 ಯೂನಿಟ್. ಬ್ಯಾಟರಿಯನ್ನು ಪೂರ್ತಿ ಬರಿದುಮಾಡಬಾರದಾದ್ದರಿಂದ 60 ಯೂನಿಟ್ಟಿನ ಬ್ಯಾಟರಿ ಬೇಕಾಗುತ್ತದೆ.

ಇಲ್ಲಿಯೇ ನಿಜವಾದ ತೊಡಕು. ಒಂದು ಕಿಲೋಗ್ರಾಂ ಡೀಸೆಲ್ಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಅಡಗಿದೆ. ಒಂದು ಕಿಲೋಗ್ರಾಂ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 0.15 ಯೂನಿಟ್ ಮಾತ್ರ. ಹಳೆಯ ಎಂಜಿನು ತಾನು ಕುಡಿದ ಇಂಧನದ ಮುಕ್ಕಾಲು ಪಾಲನ್ನು ಶಾಖವಾಗಿ ಚೆಲ್ಲುತ್ತದೆ. ಮೋಟಾರು ಹತ್ತರಲ್ಲಿ ಒಂಬತ್ತು ಪಾಲನ್ನು ಕೆಲಸಕ್ಕೆ ತರುತ್ತದೆ. ಆದರೂ ಅಂತರ ದೊಡ್ಡದು. ನಮ್ಮ ಬ್ಯಾಟರಿಯ ತೂಕ ಸುಮಾರು 400 ಕಿಲೋಗ್ರಾಂ. ಎಂಜಿನು, ರೇಡಿಯೇಟರು, ಡೀಸೆಲ್ ತೊಟ್ಟಿಗಳು ಹೊರಬಂದಾಗ ಇದರ ಬಹುಭಾಗ ಸರಿಹೋಗುತ್ತದೆ. ಸೀಸ-ಆಮ್ಲದ ಬ್ಯಾಟರಿಯಾಗಿದ್ದರೆ ಅದೊಂದೇ 1,700 ಕಿಲೋಗ್ರಾಂ ತೂಗುತ್ತಿತ್ತು! ಬೆಂಗಳೂರಿನಲ್ಲಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರು ಅಷ್ಟು ಪುಟ್ಟದಾಗಿದ್ದೂ, ಒಮ್ಮೆ ವಿದ್ಯುತ್ ತುಂಬಿದರೆ ಸುಮಾರು 80 ಕಿಲೋಮೀಟರಷ್ಟೇ ಓಡುತ್ತಿದ್ದುದೂ ಆ ಸೀಸದ ಭಾರದಿಂದಲೇ.

ಬಂಡಿಯೊಳಗಿನ ಸಂಸಾರಕ್ಕೆ ಎಷ್ಟು ವಿದ್ಯುತ್ತು ಬೇಕು? ದೀಪಗಳು, ಎರಡು ಸಣ್ಣ ಫ್ಯಾನುಗಳು, ಒಂದು ಚಿಕ್ಕ ಫ್ರಿಜ್ಜು ಸೇರಿ ದಿನಕ್ಕೆ ಒಂದೂವರೆ ಯೂನಿಟ್. ಅಂದರೆ ನಾಲ್ಕು ಕಿಲೋಮೀಟರು ಓಡುವ ಖರ್ಚು! ಛಾವಣಿಯ ಮೇಲೆ 8 ಚದರ ಮೀಟರು ಸೌರಫಲಕಗಳನ್ನು ಹಾಸಿದರೆ ಒಳ್ಳೆಯ ಬಿಸಿಲಿನ ದಿನ 6 ಯೂನಿಟ್ ದೊರೆಯಬಹುದು. ಸಂಸಾರಕ್ಕೆ ಅದು ಧಾರಾಳ. ಓಟಕ್ಕಾದರೋ 15 ಕಿಲೋಮೀಟರಿನಷ್ಟು. ಬಿಸಿಲೊಂದನ್ನೇ ನಂಬಿ ಊರೂರು ಸುತ್ತುವೆವೆಂಬುದು ಸದ್ಯಕ್ಕೆ ಕನಸೇ ಸರಿ.

ಇನ್ನು ಆತುರದ ಬೆಲೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 60ರ ಬದಲು 80 ಕಿಲೋಮೀಟರು ವೇಗದಲ್ಲಿ ಹೋದರೆ ಅದೇ ದಾರಿಗೆ ಐದರಲ್ಲಿ ಎರಡು ಪಾಲು ಹೆಚ್ಚು ಶಕ್ತಿ ಬೇಕು. ಹೊಸಹೊಳಲಿಗೆ ಹೋದವರು ಮರಳಿ ಬರುವಾಗ ನಡುದಾರಿಯಲ್ಲೇ ನಿಲ್ಲಬೇಕಾದೀತು.

ದೂರದ ಪ್ರವಾಸಿಗಳಿಗೆ ಮಿಶ್ರ ವಿಧಾನವೊಂದಿದೆ. ಇದಕ್ಕೆ ಹೈಬ್ರಿಡ್ ಎಂದು ಹೆಸರು. ಫರ್ಡಿನಾಂಡ್ ಪೋರ್ಷೆ 1900ರಲ್ಲಿಯೇ ಇಂಥ ವಾಹನವನ್ನು ನಿರ್ಮಿಸಿದ್ದನು. ಇದರಲ್ಲಿ ಚಿಕ್ಕ ಎಂಜಿನೊಂದು ಜನರೇಟರನ್ನು ತಿರುಗಿಸುತ್ತದೆ. ಚಕ್ರಗಳನ್ನು ತಿರುಗಿಸುವುದು ಮೋಟಾರೇ. ನಮ್ಮ ಬಂಡಿ 60ರ ವೇಗದಲ್ಲಿ ಗಂಟೆಗೆ 24 ಯೂನಿಟ್ ಬಳಸುತ್ತದೆ. 10 ಕಿಲೋವ್ಯಾಟಿನ ಜನರೇಟರು ಜೊತೆಗಿದ್ದರೆ ಬ್ಯಾಟರಿಯಿಂದ 14 ಯೂನಿಟ್ ಸಾಕು. 120 ಕಿಲೋಮೀಟರಿನ ಓಟ 200ಕ್ಕೆ ಏರುತ್ತದೆ. ಆದರೆ ಹೊಗೆ, ಸದ್ದು, ತೂಕಗಳು ಮತ್ತೆ ಒಳಸೇರುತ್ತವೆ.

ತರುಣ ವಾಚಕರು ಮರೆಯಬಾರದ ಅಂಶವೊಂದಿದೆ. ಇಂಥ ಎಷ್ಟೋ ಹಳೆಯ ವಾಹನಗಳಲ್ಲಿ ಬ್ರೇಕಿನ ಪೆಡಲನ್ನು ಹಗುರಗೊಳಿಸುವ ನಿರ್ವಾತವನ್ನು ಒದಗಿಸುವುದು ಎಂಜಿನ್ನೇ. ಅದನ್ನು ಕಿತ್ತರೆ ಈ ನೆರವೂ ಹೋಗುತ್ತದೆ. ವಿದ್ಯುತ್ತಿನಿಂದ ನಡೆಯುವ ನಿರ್ವಾತ ಪಂಪನ್ನು ಅಳವಡಿಸದಿದ್ದರೆ, ಇಳಿಜಾರಿನಲ್ಲಿ ಪೂರ್ತಿ ಬಲದಿಂದ ತುಳಿದರೂ ಬಂಡಿ ಬೇಗ ನಿಲ್ಲದು. ಇಳಿಯುವಾಗ ಮೋಟಾರೇ ಜನರೇಟರಾಗಿ ವೇಗವನ್ನು ತಗ್ಗಿಸಿ ಕೊಂಚ ವಿದ್ಯುತ್ತನ್ನು ಮರಳಿಸುವುದು ನಿಜ; ಆದರೆ ಬ್ಯಾಟರಿ ತುಂಬಿರುವಾಗ ಈ ಉಪಕಾರ ದೊರೆಯದು. ಒಟ್ಟು ತೂಕ ತಯಾರಕರು ವಿಧಿಸಿದ ಮಿತಿಯನ್ನು ಮೀರಕೂಡದು. ಹಿಂದುಮುಂದಿನ ಚಕ್ರಗಳಿಗೆ ಸರಿಯಾಗಿ ಹಂಚಿಕೆಯಾಗಬೇಕು. ಮೇಲಾಗಿ, ನೋಂದಣಿಯಾದ ವಾಹನವನ್ನು ಮನಬಂದಂತೆ ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಅವಕಾಶ ಕೊಡುವುದಿಲ್ಲ. ಅನುಮೋದನೆ ಪಡೆದ ಸಲಕರಣೆಗಳನ್ನೇ ಜೋಡಿಸಿ, ನೋಂದಣಿ ಪತ್ರವನ್ನು ತಿದ್ದಿಸಿಕೊಳ್ಳಬೇಕು.

ಹಾಗಾದರೆ ಹಳೆಯ ಬಂಡಿಯನ್ನು ಏನು ಮಾಡಬೇಕು? ಮೊದಲು ವಿಚಾರಿಸಬೇಕಾದುದು ಮೋಟಾರಿನ ಬಲವನ್ನಲ್ಲ, ನಮ್ಮ ಪಯಣದ ಅಳತೆಯನ್ನು. ದಿನಕ್ಕೆ ನೂರಿಪ್ಪತ್ತು ಕಿಲೋಮೀಟರು ನಿಧಾನವಾಗಿ ಸಾಗಿ, ರಾತ್ರಿಯೆಲ್ಲ ನಿಂತು ವಿದ್ಯುತ್ ತುಂಬಿಸಿಕೊಳ್ಳುವ ತಾಳ್ಮೆಯುಳ್ಳವರಿಗೆ ಬ್ಯಾಟರಿಯೊಂದೇ ಸಾಕು. ದಿನವೂ ಅದಕ್ಕಿಂತ ಹೆಚ್ಚು ದೂರ ಸಾಗಬೇಕೆನ್ನುವವರು ಮಿಶ್ರ ವಿಧಾನವನ್ನೇ ಅವಲಂಬಿಸಬೇಕು. ಇದನ್ನರಿತು ಕೆಲಸಕ್ಕೆ ತೊಡಗಿದರೆ ಗುಜರಿಗೆ ಹೋಗಬೇಕಾಗಿದ್ದ ಮನೆಬಂಡಿ ಹೊಗೆಯಿಲ್ಲದೆ, ಸದ್ದಿಲ್ಲದೆ ಹೊಸಹೊಳಲಿನ ದೇವಾಲಯದ ಬಳಿ ಬಂದು ನಿಂತೀತು.