ಅಜ್ಜಿಯ ಹವಳ, ಮೊಮ್ಮಗಳ ಕೊರಳು

"ಸಿಂಪಲ್ಲಾಗಿರ್ಲಿ, ಆದ್ರೆ ಗ್ರ್ಯಾಂಡಾಗಿ ಕಾಣ್ಬೇಕು."

ಮಣಿಸರಕ್ಕೆ ಆರ್ಡರ್ ಕೊಡಲು ಬರುವವರಲ್ಲಿ ಹೆಚ್ಚಿನವರ ಮೊದಲ ಮಾತು ಇದು. ಎರಡನೆಯದು, ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿ "ಇದೇ ಥರ" ಅನ್ನುವುದು. ಫೋಟೊದಲ್ಲಿರುವ ಕೊರಳು ಬೇರೆ, ಸೀರೆ ಬೇರೆ, ಬೆಳಕೂ ಬೇರೆ. ಹಾಗಾಗಿ ಫೋಟೊ ನೋಡಿ ಪಕ್ಕಕ್ಕಿಟ್ಟು ನಾನೇ ಪ್ರಶ್ನೆ ಶುರು ಮಾಡುತ್ತೇನೆ. ಯಾವ ಸೀರೆಗೆ? ರವಿಕೆಯ ಕತ್ತು ಎಷ್ಟು ಆಳ? ಎಷ್ಟು ಹೊತ್ತು ಹಾಕಿಕೊಂಡಿರ್ತೀರಿ? ಬೆವರಿದರೆ ಕುತ್ತಿಗೆ ಕೆಂಪಾಗುತ್ತಾ? ಈ ಕೊನೆಯದಕ್ಕೆ ಹೌದು ಅಂದರೆ ನಿಕ್ಕಲ್ ಬೆರೆತ ಅಗ್ಗದ ಕೊಂಡಿಗಳನ್ನು ಆಗಲೇ ಪಟ್ಟಿಯಿಂದ ತೆಗೆದುಬಿಡಬೇಕು.

ಆಮೇಲೆ ಲೆಕ್ಕ. 18 ಇಂಚಿನ ಒಂದೆಳೆ ಸರಕ್ಕೆ 4 ಮಿಲಿಮೀಟರ್ ಮಣಿ ಸುಮಾರು 114 ಬೇಕು. ಅದೇ ಉದ್ದಕ್ಕೆ 2 ಮಿಲಿಮೀಟರಿನ ಸಣ್ಣ ಮಣಿಯಾದರೆ 228. ಸಣ್ಣ ಮಣಿ ಅಗ್ಗ, ಆದರೆ ಕೆಲಸ ದುಪ್ಪಟ್ಟು. ಇದನ್ನು ಗಿರಾಕಿಗೆ ಮೊದಲೇ ಹೇಳದಿದ್ದರೆ ಕೊನೆಗೆ ಜಗಳ ಗ್ಯಾರಂಟಿ. ದೊಡ್ಡಬಳ್ಳಾಪುರದಲ್ಲಿ ಎಲ್ಲ ಮಣಿ ಸಿಗುವುದಿಲ್ಲ. ಬೆಂಗಳೂರಿನ ಬಸ್ ಹತ್ತಿ ಮಾಮೂಲ್‌ಪೇಟೆಗೆ ಹೋಗಬೇಕು. ಹಗುರವಾದದ್ದು ಬೇಕು ಅನ್ನುವವರಿಗೆ ಚನ್ನಪಟ್ಟಣದ ಅರಗಿನ ಮಣಿ ಹಾಕುತ್ತೇನೆ. ಹಾಲೆ ಮರದ ಮಣಿಗೆ ಅರಗಿನ ಬಣ್ಣ. ದಪ್ಪ ಇದ್ದರೂ ಕುತ್ತಿಗೆಗೆ ಭಾರ ಇಲ್ಲ. ಒಂದೇ ಎಚ್ಚರಿಕೆ, ಸೆಂಟು ಹಾಕಿ ಒಣಗಿದ ಮೇಲೆ ಸರ ಹಾಕಿಕೊಳ್ಳಬೇಕು. ಸ್ಪಿರಿಟ್ಟಿಗೆ ಅರಗು ಕರಗುತ್ತದೆ.

ಇವೆಲ್ಲ ಹೊಸ ಮಣಿಯ ಮಾತಾಯಿತು. ಹಳೇ ಮಣಿ ತಂದು "ಇದನ್ನೇ ಹೊಸದಾಗಿ ಮಾಡಿಕೊಡು" ಅಂದಾಗ ಕೆಲಸದ ರೀತಿಯೇ ಬದಲಾಗುತ್ತದೆ. ಹೋದ ವರ್ಷ ಮಗ್ಗದ ಮನೆಯ ಅಕ್ಕ ಒಬ್ಬರು ಸ್ಟೀಲ್ ಡಬ್ಬಿಯಲ್ಲಿ ಬಿಡಿ ಹವಳ ತಂದರು. ಅವರ ಅತ್ತೆಯ ಸರವಂತೆ, ದಾರ ಹರಿದು ವರ್ಷಗಳೇ ಆಗಿದ್ದವು. ಮಗಳ ಮದುವೆ ಗೊತ್ತಾಗಿತ್ತು. ಅಮ್ಮನಿಗೆ ಧಾರೆ ಸೀರೆಯ ಮೇಲೆ ಇಳಿಬೀಳುವ ಉದ್ದ ಸರ ಬೇಕು. ದೇವನಹಳ್ಳಿ ಕಡೆಯ ಕಂಪನಿಯಲ್ಲಿ ಕೆಲಸ ಮಾಡುವ ಮಗಳಿಗೆ ಕುರ್ತಾ ಮೇಲೆ ದಿನವೂ ಹಾಕುವಂಥ ಗಿಡ್ಡ ಸರ ಬೇಕು. ದುಡ್ಡು ಕೊಡುವವರು ಅಮ್ಮ, ಹಾಕಿಕೊಳ್ಳುವವಳು ಮಗಳು. ಇಂಥ ಆರ್ಡರಿನಲ್ಲಿ ಗಿರಾಕಿ ಯಾರು ಅನ್ನುವುದೇ ಮೊದಲ ಪ್ರಶ್ನೆ.

ಮಣಿಗಳನ್ನು ಅವರೆದುರೇ ಎಣಿಸಿ ಚೀಟಿಯಲ್ಲಿ ಬರೆದೆವು: 74. ಹಳೇ ಮಣಿ ತೆಗೆದುಕೊಳ್ಳುವಾಗ ಇದನ್ನು ಎಂದೂ ಬಿಡಬಾರದು.

ಹವಳ ಕಲ್ಲಲ್ಲ, ಕಡಲ ಜೀವಿಗಳು ಕಟ್ಟಿದ ಗೂಡು. ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ಇಟಲಿಯ ನೇಪಲ್ಸ್ ಹತ್ತಿರದ ತೊರ್ರೆ ದೆಲ್ ಗ್ರೆಕೊ ಊರು ಇವತ್ತಿಗೂ ಹವಳದ ಕೆತ್ತನೆಗೆ ಹೆಸರುವಾಸಿ. ಭಾರತದವರಿಗೆ ಹವಳದ ಮೇಲೆ ಬಹಳ ಆಸೆ ಎಂದು ಸುಮಾರು 2000 ವರ್ಷದ ಹಿಂದೆಯೇ ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ನಮ್ಮ ತಾಳಿ ಸರಗಳಲ್ಲಿ ಕರಿಮಣಿ, ಗುಂಡಿನ ಜೊತೆ ಹವಳ ಕೂತಿರುವುದನ್ನು ನೋಡಿದರೆ ಆ ಆಸೆ ಇನ್ನೂ ತೀರಿಲ್ಲ.

ರಾತ್ರಿ ಭೂತಗನ್ನಡಿ ಹಿಡಿದು ಒಂದೊಂದೇ ನೋಡಿದೆ. ಹವಳದ ಮೈಮೇಲೆ ಮರದ ಎಳೆಯಂಥ ಸಣ್ಣ ಗೆರೆಗಳಿರುತ್ತವೆ. ಗಾಜಿನೊಳಗೆ ದುಂಡನೆಯ ಪುಟ್ಟ ಗುಳ್ಳೆಗಳು. ವಿನೆಗರ್ ಹನಿ ಬಿಟ್ಟರೆ ಹವಳ ನೊರೆಯುತ್ತದೆ ಅಂತ ಕೆಲವರು ಪರೀಕ್ಷೆ ಮಾಡುತ್ತಾರೆ. ಅದು ಮಣಿಯ ಹೊಳಪನ್ನೇ ತಿನ್ನುತ್ತದೆ, ಬೇರೆಯವರ ಒಡವೆಗೆ ಹಾಗೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. 74ರಲ್ಲಿ 9 ಗಾಜು.

ಹೇಳುವುದೋ ಬಿಡುವುದೋ? ಬೆಲೆ ಬಾಳುತ್ತದೆಂದು ಇಷ್ಟು ವರ್ಷ ಜೋಪಾನ ಮಾಡಿದ ವಸ್ತು. ಹೇಳಿದರೆ ನಾನೇ ಬದಲಾಯಿಸಿದೆ ಅನ್ನುವ ಅನುಮಾನ ಬರಬಹುದು. ಹೇಳದಿದ್ದರೆ ನಾಳೆ ಇನ್ಯಾರೋ ಹೇಳುತ್ತಾರೆ, ಆಗ ಅನುಮಾನ ಖಂಡಿತ. ಮರುದಿನ ಇಬ್ಬರನ್ನೂ ಕರೆದು ಕನ್ನಡಿಯನ್ನು ಅವರ ಕೈಗೇ ಕೊಟ್ಟೆ. ಅಕ್ಕ ತುಂಬ ಹೊತ್ತು ನೋಡಿದರು. "ನಮ್ಮತ್ತೆ ಘಾಟಿ ಜಾತ್ರೇಲಿ ತಗೊಂಡು ಸೇರಿಸಿರ್ಬೇಕು ಕಣಮ್ಮ. ಒಂದೋ ಎರಡೋ ಕಳಕೊಂಡಾಗೆಲ್ಲ ಮಾವನಿಗೆ ಹೇಳೋಕೆ ಭಯ ಅವರಿಗೆ" ಅಂದರು. ಗಾಜು ತೆಗೆದು ಹೊಸ ಹವಳ ಹಾಕೋಣವೇ ಎಂದು ಕೇಳಿದೆ. ಮಗಳು ಬೇಡ ಅಂದಳು. "ಅವೂ ಅಜ್ಜೀದೇ ಅಲ್ವಾ, ಇರ್ಲಿ ಅಕ್ಕ."

ಅಲ್ಲಿಂದ ವಿನ್ಯಾಸ ತಾನಾಗಿ ಕೂಡಿಬಂತು. ಮಣಿ ಮಣಿಯ ನಡುವೆ ಗಂಟು ಹಾಕಿದರೆ 74 ಮಣಿಗೆ ಹದಿನಾಲ್ಕೂವರೆ ಇಂಚು ಬರುತ್ತದೆ. ಆ ಎಳೆಯ ಎರಡು ತುದಿಗೂ ಬೆಳ್ಳಿ ಕೊಂಡಿ, ಕೊಂಡಿಯ ಪಕ್ಕದಲ್ಲಿ ಒಂದು ಕಡೆ ಐದು, ಇನ್ನೊಂದು ಕಡೆ ನಾಲ್ಕು ಗಾಜಿನ ಮಣಿ. ಹಿಂಭಾಗಕ್ಕೆ ಬೇರೆ ಎರಡು ತುಂಡು. ಒಂದೂವರೆ ಇಂಚಿನ ಬೆಳ್ಳಿ ಚೈನು ಸಿಕ್ಕಿಸಿದರೆ ಆಫೀಸಿಗೆ 16 ಇಂಚಿನ ಸರ. ರೇಷ್ಮೆ ಡೋರಿ ಸಿಕ್ಕಿಸಿದರೆ 22 ಇಂಚು, ಡೋರಿ ಜಡೆಯ ಕೆಳಗೆ ಅಡಗುತ್ತದೆ.

ದಾರದ ವಿಷಯದಲ್ಲಿ ಮಾತ್ರ ಪಾಠ ಹೇಳಿದ್ದು ಗಿರಾಕಿಗಳೇ. ನಾನು ನೈಲಾನ್ ಅಂದುಕೊಂಡಿದ್ದೆ. "ನಮ್ಮೂರಲ್ಲಿ ಕೂತ್ಕೊಂಡು ನೈಲಾನಾ?" ಅಂತ ಅಕ್ಕನ ಯಜಮಾನರು ನಕ್ಕು, ಹುರಿ ಮಿಷನ್‌ನಿಂದ ಒಂದು ಲಡಿ ರೇಷ್ಮೆ ತಂದುಕೊಟ್ಟರು. ಮಗ್ಗಕ್ಕೆ ಹಾಕುವ ಎಳೆ ಕೂದಲಿನಷ್ಟೂ ದಪ್ಪ ಇರುವುದಿಲ್ಲ. ಹಲವು ಎಳೆ ಸೇರಿಸಿ ಹೊಸೆದು, ಜೇನುಮೇಣ ಸವರಿ, ತುದಿಗೆ ಗೋಂದು ಹಚ್ಚಿ ಸೂಜಿಯಂತೆ ಗಟ್ಟಿ ಮಾಡಿಕೊಂಡೆ. ರೇಷ್ಮೆಯ ಗಂಟು ಬಿಗಿಯಾಗಿ ಕೂರುತ್ತದೆ, ಸರ ಮೈಗೆ ಮೆತ್ತಗೆ ಇಳಿಯುತ್ತದೆ. ಎಲ್ಲೋ ಒಂದು ಕಡೆ ಹರಿದರೂ ಒಂದು ಮಣಿ ಬಿದ್ದೀತು, ಎಲ್ಲವೂ ಚೆಲ್ಲುವುದಿಲ್ಲ. ಪ್ರತಿ ಗಂಟನ್ನೂ ಗುಂಡುಸೂಜಿಯಿಂದ ಮಣಿಯ ಬುಡಕ್ಕೆ ತಳ್ಳಬೇಕು. ಹಳೇ ಹವಳದ ತೂತು ಸವೆದು ಅಗಲವಾಗಿದ್ದ ಕಡೆ ಎರಡೆರಡು ಗಂಟು. ಮೂರು ಮಧ್ಯಾಹ್ನ ಹಿಡಿಯಿತು.

ಬೆಳ್ಳಿಯ ಖರ್ಚು ಬಿಟ್ಟು ಕೆಲಸಕ್ಕೆ 1,200 ರೂಪಾಯಿ ಅಂದೆ. ಜೊತೆಗೆ ಬಂದಿದ್ದ ಆಂಟಿ ಒಬ್ಬರು, "ಮಣಿ ನಮ್ದೇ, ದಾರ ನಮ್ದೇ. ಪೋಣಿಸೋಕೆ ಇಷ್ಟಾ? ಚಿಕ್ಕಪೇಟೇಲಿ 300ಕ್ಕೆ ಸರಾನೇ ಬರುತ್ತೆ" ಅಂದರು. ನನಗೆ ಬಹಳ ಕೇಳಿ ಅಭ್ಯಾಸವಾದ ಮಾತು. ಮಣಿಗೆ ಬೆಲೆ ಕಟ್ಟುವವರು ಕೂತ ಹೊತ್ತಿಗೆ ಕಟ್ಟುವುದಿಲ್ಲ. ನಾನು ಉತ್ತರ ಕೊಡುವ ಮೊದಲೇ ಅಕ್ಕ ಬಾಯಿ ಹಾಕಿದರು: "ಸೀರೆ ಕೂಲಿ ಕೇಳ್ದಾಗ ಅಂಗಡಿಯೋರು ನಮಗೂ ಹಿಂಗೇ ಅನ್ನೋದು, ಸುಮ್ನಿರು."

ಅವತ್ತಿನಿಂದ ಬಿಲ್ಲಿನಲ್ಲಿ ಸಾಮಾನು ಒಂದು ಸಾಲು, ಕೂಲಿ ಒಂದು ಸಾಲು, ಹಿಡಿದ ಗಂಟೆ ಎಷ್ಟು ಅನ್ನುವುದು ಇನ್ನೊಂದು ಸಾಲು ಬರೆಯುತ್ತಿದ್ದೇನೆ. ಚೌಕಾಸಿ ನಿಂತಿಲ್ಲ, ಆದರೆ ಈಗ ಚೌಕಾಸಿ ಮಾಡುವವರು ಮೊದಲು ಗಂಟೆಯ ಸಾಲನ್ನು ಓದುತ್ತಾರೆ. ಮಗಳು ದಿನವೂ ಸರ ಹಾಕುತ್ತಾಳೆ, ಬೆವರಿಗೆ ರೇಷ್ಮೆ ಸೊರಗುತ್ತದೆ. ವರ್ಷ ಎರಡು ವರ್ಷಕ್ಕೆ ದಾರ ಬದಲಿಸಬೇಕು. ಮಿಕ್ಕ ಲಡಿಯನ್ನು ಅವರ ಹೆಸರು ಬರೆದು ತೆಗೆದಿಟ್ಟಿದ್ದೇನೆ.